ಲೈಪ್‌ಜಿಗ್‌ನ ಶಿಲ್ಪಿ, ಚನ್ನಪಟ್ಟಣದ ಹಸಿ ಮರ, ಎಂಟು ವಾರ

ಯುರೋಪಿಂದ ರೆಸಿಡೆನ್ಸಿಗೆ, ಅಂದ್ರೆ ಕೆಲವು ವಾರ ಇಲ್ಲೇ ಇದ್ದು ಕೆಲಸ ಮಾಡೋಕೆ ಅಂತ ಬೆಂಗಳೂರಿಗೆ ಬರೋ ಆರ್ಟಿಸ್ಟ್‌ಗಳ ಜೊತೆ ಓಡಾಡೋ ಕೆಲಸ ಶುರು ಮಾಡಿ ನನಗೆ ಆರೇಳು ವರ್ಷ ಆಯ್ತು. ಪೇಪರ್‌ನಲ್ಲಿ ಇದಕ್ಕೆ ಕೋಆರ್ಡಿನೇಟರ್ ಅಂತಾರೆ, ನಮ್ಮಮ್ಮ "ಫಾರಿನ್‌ನವರಿಗೆ ಊರು ತೋರ್ಸೋದು" ಅಂತಾರೆ, ಎರಡೂ ಪೂರ್ತಿ ಸುಳ್ಳಲ್ಲ. ನಾನು ಪ್ರಿಂಟ್‌ಮೇಕಿಂಗ್ ಓದಿದವಳು, ಓದೋವಾಗ ಶಾಂತಿನಗರದ 1 ಶಾಂತಿ ರೋಡ್ ಅನ್ನೋ ಆರ್ಟ್ ಸ್ಟುಡಿಯೋಗೆ ಹೋಗಿ ಅಲ್ಲಿಗೆ ಬಂದಿದ್ದ ಹೊರಗಿನ ಆರ್ಟಿಸ್ಟ್‌ಗಳ ಕೆಲಸ ನೋಡ್ಕೊಂಡು ಬರ್ತಿದ್ದೆ, ಹುಚ್ಚು ಹತ್ತಿದ್ದು ಅಲ್ಲೇ. ಜರ್ಮನಿಯವರು ಗೋಥೆ ಇನ್‌ಸ್ಟಿಟ್ಯೂಟ್‌ನ "ಬೆಂಗಳೂರೆಸಿಡೆನ್ಸಿ" ಅನ್ನೋ ಪ್ರೋಗ್ರಾಂ ಮೂಲಕ ಬರ್ತಾರೆ, ಸ್ವಿಸ್‌ನವರನ್ನ ಅವರ ದೇಶದ ಕಲಾ ಸಂಸ್ಥೆ ಪ್ರೊ ಹೆಲ್ವೆಟಿಯಾ ಕಳಿಸುತ್ತೆ, ಇನ್ನು ಕೆಲವರು ಸ್ವಂತ ಗ್ರಾಂಟ್ ಹಿಡ್ಕೊಂಡು ಸಣ್ಣಪುಟ್ಟ ಸ್ಟುಡಿಯೋಗಳಿಗೆ ಬರ್ತಾರೆ. ನಾನು ಹೇಳ್ತಿರೋ ಕಥೆ ಆ ಕೊನೇ ಗುಂಪಿಂದು.

ಮೊದಲು ಬೇಜಾರಿನ ಕೆಲಸ ಮುಗಿಸಿಬಿಡ್ತೀನಿ. ನಮ್ಮನೆ ಮಹಡಿ ಮೇಲಿನ ರೂಮನ್ನ ಬಂದವರಿಗೆ ಕೊಡ್ತೀವಿ, ಹಾಗೆ ಫಾರಿನರ್‌ನ ಮನೇಲಿ ಇಟ್ಕೊಂಡ್ರೆ ಬಂದ 24 ಗಂಟೆ ಒಳಗೆ ಆನ್‌ಲೈನ್‌ನಲ್ಲಿ ಅವರು ಬಂದಿದಾರೆ ಅಂತ ಸರ್ಕಾರಕ್ಕೆ ತಿಳಿಸೋ ಫಾರ್ಮ್ ತುಂಬ್ಬೇಕು, ಇದು ಹೋಟೆಲ್‌ಗೆ ಮಾತ್ರ ಅಂದ್ಕೊಂಡು ಎಷ್ಟೋ ಜನ ಸುಮ್ನಿರ್ತಾರೆ, ಹಾಗಲ್ಲ, ಮನೆಗೂ ಬೇಕು. ಕರೆಂಟ್ ವೋಲ್ಟೇಜ್ ಎರಡೂ ಕಡೆ 230, ಅದರ ಚಿಂತೆ ಇಲ್ಲ, ಆದ್ರೆ ಅವರ ದಪ್ಪ ಪ್ಲಗ್ ನಮ್ಮ ಸಾಕೆಟ್‌ಗೆ ಹೋಗಲ್ಲ, ಸಣ್ಣದು ಹೋದ್ರೂ ಲೊಡಲೊಡ ಅಂತಿರುತ್ತೆ. ಎಸ್‌ಪಿ ರೋಡಿಂದ ನಾಲ್ಕು ಅಡಾಪ್ಟರ್ ತಂದು ಡಬ್ಬಿಗೆ ಹಾಕಿಟ್ಟಿದೀನಿ, ಹೋಗೋವಾಗ ಎಣಿಸಿ ವಾಪಸ್ ಇಸ್ಕೋತೀನಿ.

ಈಗ ವಿಷಯಕ್ಕೆ ಬರ್ತೀನಿ. ಲೈಪ್‌ಜಿಗ್‌ನ ಒಬ್ಬ ಶಿಲ್ಪಿ ನವೆಂಬರ್‌ನಲ್ಲಿ ಬಂದ್ರು, ಎಂಟು ವಾರ ಇರೋದು. ಪ್ರಪೋಸಲ್‌ನಲ್ಲಿ ಚೆನ್ನಾಗಿ ಡ್ರಾಯಿಂಗ್ ಮಾಡಿದ್ರು, ಚನ್ನಪಟ್ಟಣದ ಲೇತ್ ಮೇಲೆ ಮಾಡಿದ ನಲವತ್ತು ಕಂಬ, ಎಲ್ಲಾ ಒಂದೇ ಅಳತೆ, ಎರಡಡಿ ಎತ್ತರ, ಬಣ್ಣ ಇಲ್ಲ, ಅರಗು ಇಲ್ಲ, ಬರೀ ಬಿಳಿ ಮರ. ಓದಿದಾಗ ನನಗೂ ಇಷ್ಟ ಆಯ್ತು, ಮರ ಎಲ್ಲಿಂದ ಬರುತ್ತೆ ಅಂತ ಅವರೂ ಯೋಚ್ನೆ ಮಾಡಿರ್ಲಿಲ್ಲ ನಾನೂ ಮಾಡ್ಲಿಲ್ಲ.

ನಾನು ಯಾರೇ ಬಂದ್ರೂ ಮೊದಲ ಹತ್ತು ದಿನ ಕೆಲಸ ಮಾಡ್ಬೇಡಿ ಅಂತೀನಿ. ಕೆ.ಆರ್. ಮಾರ್ಕೆಟ್, ಅವೆನ್ಯೂ ರೋಡ್, ಜಾಲಿ ಮೊಹಲ್ಲಾದ ಗುಜರಿ ಅಂಗಡಿಗಳು, ಸುಮ್ನೆ ಸುತ್ತಿ, ಹೊಟ್ಟೆ ಕೆಡಿಸ್ಕೊಳಿ, ಸರಿ ಹೋಗ್ಲಿ, ಆಮೇಲೆ ನೋಡೋಣ ಅಂತ. ಇವರು ಕೇಳ್ಲಿಲ್ಲ, ಮೂರನೇ ದಿನಕ್ಕೇ ಚನ್ನಪಟ್ಟಣ ಅಂದ್ರು. ಸರಿ, ಮೈಸೂರು ರೋಡ್‌ನಲ್ಲಿ ಅರವತ್ತು ಕಿಲೋಮೀಟರ್, ಬೆಳಗ್ಗೆ ಟ್ರೇನ್ ಹತ್ತಿ ಹೋದ್ವಿ.

ಅಲ್ಲಿ ನನಗೆ ಮೊದಲೇ ಪರಿಚಯ ಇದ್ದ ಒಬ್ಬರು ಚಾಚಾ ಇದಾರೆ, ನಲವತ್ತು ವರ್ಷದಿಂದ ಇದೇ ಕೆಲಸ. ಮರ ಲೇತ್‌ನಲ್ಲಿ ಗಿರಗಿರ ತಿರುಗ್ತಿರೋವಾಗ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ಕೊಳುತ್ತೆ, ಮೇಲಿಂದ ತಾಳೆಗರಿ ಹಿಡಿದ್ರೆ ಕನ್ನಡಿ ತರ ಹೊಳೆಯುತ್ತೆ. ಎಷ್ಟು ಸಲ ನೋಡಿದ್ರೂ ನನಗೆ ಮ್ಯಾಜಿಕ್ಕೇ. ಶಿಲ್ಪಿ ಡ್ರಾಯಿಂಗ್ ತೋರ್ಸಿದ್ರು, ನಾನು ಹೇಳಿದೆ, ಚಾಚಾ ಬಹಳ ಹೊತ್ತು ನೋಡಿ, "ಅರಗು ಹಾಕ್ದಿದ್ರೆ ಇದು ಕಟ್ಟಿಗೆ ಅಲ್ವೇನಮ್ಮಾ?" ಅಂದ್ರು. ನಾನು ಇದನ್ನ ಇಂಗ್ಲಿಷ್‌ಗೆ ತಿರುಗಿಸೋವಾಗ ಸ್ವಲ್ಪ ಮೆತ್ತಗೆ ಮಾಡಿದೆ. ಈ ಕೆಲಸದಲ್ಲಿ ಇದೊಂದು ಪಾಪ, ನಾನು ದಿನಾ ಮಾಡ್ತೀನಿ.

ಎರಡನೇ ತಕರಾರು ಮರದ್ದು. ಅಲ್ಲಿ ಬಳಸೋದು ಆಲೆ ಮರ, ಬೆಳ್ಳಗೆ ಮೆದುವಾಗಿರುತ್ತೆ, ಕಾಂಡ ಅಷ್ಟೇನೂ ದಪ್ಪ ಇರಲ್ಲ, ಕೊಯ್ದ ಮೇಲೆ ಎರಡು ಮೂರು ತಿಂಗಳು ಒಣಗಿಸ್ಬೇಕು. ಅಂದ್ರೆ ಮರ ಒಣಗೋ ಅಷ್ಟರಲ್ಲಿ ರೆಸಿಡೆನ್ಸಿನೇ ಮುಗಿದಿರುತ್ತೆ! ಒಣಗಿದ್ದು ಇತ್ತು, ಆದ್ರೆ ಎಲ್ಲಾ ಗಿಲಕಿ, ಬುಗುರಿ ಮಾಡೋ ಅಳತೆಯ ತುಂಡುಗಳು. ಅದರಲ್ಲೇ ಸಣ್ಣದು ಮಾಡೋಣ ಅಂತ ನಾನು ಹೇಳ್ದೆ, ಶಿಲ್ಪಿ ಒಪ್ಲಿಲ್ಲ, ಗ್ರಾಂಟ್ ಕೊಟ್ಟವರಿಗೆ ನಲವತ್ತು ಕಂಬ ಅಂತ ಬರೆದುಕೊಟ್ಟಾಗಿದೆ ಅಂದ್ರು. ಕೊನೆಗೆ ಹಸಿ ಮರದಲ್ಲೇ ಮಾಡೋದು ಅಂತಾಯ್ತು. ಚಾಚಾ ನನ್ನ ಕಡೆ ತಿರುಗಿ "ಸೀಳುತ್ತೆ, ಹೇಳಿದೀನಿ" ಅಂತ ಎರಡು ಸಲ ಹೇಳಿದ್ರು.

ದುಡ್ಡಿನ ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಪೀಸ್ ಲೆಕ್ಕ ಬೇಡ, ದಿನಗೂಲಿ ಲೆಕ್ಕ, ದಿನಕ್ಕೆ 1,500, ಹಾಳಾದ ಪೀಸ್‌ಗೂ ದುಡ್ಡು, ಜೊತೆಗೆ ಪ್ರದರ್ಶನದ ಚೀಟಿ ಮೇಲೆ ಮಾಡಿದವರ ಹೆಸರು. ಮುಂಚೆ ಒಂದು ಕಡೆ ಕೆಲಸ ಮಾಡ್ದಾಗ ಕಲ್ಲು ಕೆತ್ತಿದವರ ಹೆಸರನ್ನೇ ಬಿಟ್ಟು "ಲೋಕಲ್ ಕುಶಲಕರ್ಮಿಗಳ ಸಹಕಾರದಿಂದ" ಅಂತ ಒಂದು ಸಾಲು ಹಾಕಿದ್ರು, ಆ ಉರಿ ನನಗಿನ್ನೂ ಆರಿಲ್ಲ. ಈ ಶಿಲ್ಪಿ ಪಾಪ ತಕ್ಷಣ ಒಪ್ಕೊಂಡ್ರು, ಮೇಲ್‌ನಲ್ಲೂ ಬರೆದ್ರು.

ನಲವತ್ತರಲ್ಲಿ ಇಪ್ಪತ್ಮೂರು ಆಯ್ತು. ಏಳನೇ ವಾರ ಸ್ಟುಡಿಯೋಗೆ ತಂದು ನಿಲ್ಲಿಸಿದ್ವಿ. ಮಾರನೇ ದಿನ ರಾತ್ರಿ ಮೊದಲನೇದು ಟಪ್ ಅಂತು. ಜನ ಬಂದು ಕೆಲಸ ನೋಡೋ ಓಪನ್ ಸ್ಟುಡಿಯೋ ದಿನ ಬರೋ ಹೊತ್ತಿಗೆ ಹದಿನೈದು ಸೀಳಿತ್ತು, ಕೆಲವಕ್ಕೆ ಮೇಲಿಂದ ಕೆಳಗಿನ ತನಕ ಬೆರಳು ಹೋಗೋ ಅಷ್ಟು ಬಿರುಕು. ಶಿಲ್ಪಿ ಒಂದಿನ ಮುಖ ಊದಿಸ್ಕೊಂಡು ಕೂತಿದ್ರು, ಆಮೇಲೆ ಸೀಳಿದ್ದನ್ನೇ ಮುಂದೆ ಇಟ್ರು, ನಿಜ ಹೇಳ್ಬೇಕಂದ್ರೆ ಚೆನ್ನಾಗೇ ಕಾಣ್ತಿತ್ತು, ಡ್ರಾಯಿಂಗ್‌ಗಿಂತ ಚೆನ್ನಾಗಿ.

ಚಾಚಾ ಮೊಮ್ಮಗನ್ನ ಕರ್ಕೊಂಡು ಬಂದ್ರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಜನ ಬಿರುಕಿನ ಹತ್ರ ಬಗ್ಗಿ ಬಗ್ಗಿ ಫೋಟೋ ತೆಗೀತಿದ್ರು. ನಾನು ಖುಷಿಯಿಂದ ಗೋಡೆ ಮೇಲಿನ ಚೀಟಿ ತೋರಿಸಿದೆ, ಅವರ ಹೆಸರು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಇತ್ತು. ಅವರು ಓದಿ ಸುಮ್ನೆ ನಿಂತ್ರು, ಆಮೇಲೆ ನನ್ನ ಪಕ್ಕಕ್ಕೆ ಕರೆದು, "ಹೆಸರು ತೆಗ್ಸಮ್ಮಾ. ಸೀಳಿರೋ ಮಾಲಿನ ಮೇಲೆ ನನ್ನ ಹೆಸರು ನೋಡಿದ್ರೆ ಊರಲ್ಲಿ ನಗ್ತಾರೆ" ಅಂದ್ರು. ಬಿರುಕೇ ಚೆನ್ನಾಗಿದೆ ಅಂತಿದಾರೆ ಎಲ್ಲ ಅಂತ ನಾನೂ ಹೇಳಿದೆ, ಶಿಲ್ಪಿನೂ ಬಂದು ಕೈ ಹಿಡ್ಕೊಂಡು ಹೇಳಿದ್ರು. "ಅವರಿಗೆ ಚೆನ್ನಾಗಿರ್ಬೋದು" ಅಂದ್ರು ಚಾಚಾ, ಅಷ್ಟೇ. ಚೀಟಿ ತೆಗೆದು ಬೇರೆ ಪ್ರಿಂಟ್ ಹಾಕಿದ್ವಿ. ಅಷ್ಟು ಹಠ ಹಿಡಿದು ಹಾಕಿಸಿದ ಹೆಸರನ್ನ ನಾನೇ ಕೈಯಾರೆ ಕಿತ್ತೆ.

ವಾಪಸ್ ಕಳ್ಸೋವಾಗಿನ ತಮಾಷೆ ಒಂದಿದೆ. ಮರದ ಪೆಟ್ಟಿಗೇಲಿ ಪ್ಯಾಕ್ ಮಾಡಿ ಹೊರದೇಶಕ್ಕೆ ಕಳಿಸ್ಬೇಕಂದ್ರೆ ಪೆಟ್ಟಿಗೆ ಮರದಲ್ಲಿ ಹುಳ ಇರಬಾರದು ಅಂತ ಅದನ್ನ ಬಿಸಿ ಮಾಡಿ ಮುದ್ರೆ ಒತ್ತಿರಬೇಕು, ಮರದ ಒಳಗಿನ ತನಕ 56 ಡಿಗ್ರಿ, ಅರ್ಧ ಗಂಟೆ. ಹಾಗಾಗಿ ಪೆಟ್ಟಿಗೆ ಮರ ಒಳಗಿನ ಶಿಲ್ಪಕ್ಕಿಂತ ಚೆನ್ನಾಗಿ ಒಣಗಿತ್ತು.

ಹೋದ ತಿಂಗಳು ಚಾಚಾ ಫೋನ್ ಮಾಡಿದ್ರು. ಜರ್ಮನಿಯವರು ಮತ್ತೆ ಯಾವಾಗ ಬರೋದು ಅಂತ ಕೇಳಿದ್ರು, ನವೆಂಬರ್‌ನಲ್ಲಿ ಯಾರೋ ಒಬ್ರು ಬರಬಹುದು, ಇನ್ನೂ ಪಕ್ಕಾ ಇಲ್ಲ ಅಂದೆ. "ಪಕ್ಕಾ ಆಗೋವರ್ಗೂ ಕಾಯಲ್ಲ, ದಪ್ಪದು ನೋಡಿ ಈಗ್ಲೇ ಕೊಯ್ಸಿ ಒಣಗ್ಸಿಡ್ತೀನಿ. ಆವಾಗ ಹಾಕು ಹೆಸರು" ಅಂದು ಇಟ್ಟುಬಿಟ್ರು.