ಏಳು ಗಂಟೆಗೆ ಆಕಾಶ ಇನ್ನೂ ನೀಲಿಯಾಗಿರಬೇಕು: ಮೈಸೂರು ಅರಮನೆಯ ಸುತ್ತ ಕ್ಯಾಮೆರಾ ಹಿಡಿದು

ಮೈಸೂರಿಗೆ ಬರುವ ನೆಂಟರಿಷ್ಟರು, ಅದರಲ್ಲೂ ಹೊಸದಾಗಿ ಕ್ಯಾಮೆರಾ ಕೊಂಡವರು, ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅರಮನೆಯ ಫೋಟೋ ತೆಗೆಯಲು ಎಲ್ಲಿ ನಿಲ್ಲಬೇಕು?" ನಾನು ಉತ್ತರ ಕೊಡುವ ಮೊದಲು, ಯಾವ ತಿಂಗಳಲ್ಲಿ ಬರುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಬಹಳ ಜನ ಇದನ್ನು ಜಾರಿಕೊಳ್ಳುವ ಮಾತು ಎಂದುಕೊಳ್ಳುತ್ತಾರೆ. ಆದರೆ ಈ ಕಟ್ಟಡದ ಮಟ್ಟಿಗೆ ಜಾಗವನ್ನು ನಿರ್ಧರಿಸುವುದು ಗಡಿಯಾರ ಮತ್ತು ಪಂಚಾಂಗ. ವರ್ಷಗಟ್ಟಲೆ ಕೋಟೆಯ ಗೋಡೆಯ ಸುತ್ತ ತಿರುಗಿದ ಮೇಲೆ ನನಗೆ ಗಟ್ಟಿಯಾದದ್ದು ಇಷ್ಟು.

ಮೊದಲು ದಿಕ್ಕು. ಅರಮನೆಯ ಮುಖ ಪೂರ್ವಕ್ಕಿದೆ. ಬೆಳಗಿನ ಬಿಸಿಲು ನೇರವಾಗಿ ಮುಂಭಾಗಕ್ಕೆ ಬೀಳುತ್ತದೆ. ಮಧ್ಯಾಹ್ನ ಕಳೆದ ಮೇಲೆ ಸೂರ್ಯ ಹಿಂದಕ್ಕೆ ಸರಿದು ಮುಂಭಾಗವೆಲ್ಲ ನೆರಳಾಗುತ್ತದೆ. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಕಟ್ಟಡ ಇದು. ಮತ್ತೆ ಸುಡಬಾರದೆಂದು ಈ ಸಲ ಕಲ್ಲು, ಕಬ್ಬಿಣಗಳನ್ನೇ ನೆಚ್ಚಿದರು. ಗೋಡೆಗೆ ಬೂದು ಬಣ್ಣದ ಗ್ರಾನೈಟ್, ಮೇಲೆ ಕೆಂಗುಲಾಬಿ ಗುಮ್ಮಟಗಳು. ಫೋಟೋ ತೆಗೆಯುವವನಿಗೆ ಇದರ ಪರಿಣಾಮ ನೇರವಾದದ್ದು. ಎಳೆಬಿಸಿಲು ಬಿದ್ದರೆ ಬೂದು ಕಲ್ಲು ಬೆಚ್ಚನೆಯ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ, ಮೂರು ಗಂಟೆಯ ನೆರಳಿನಲ್ಲಿ ಅದೇ ಕಲ್ಲು ಸಿಮೆಂಟಿನಂತೆ ಕಾಣುತ್ತದೆ. ಪ್ರವಾಸಿ ಬಸ್ಸುಗಳು ಹೆಚ್ಚಾಗಿ ಬರುವುದು ಅದೇ ಮೂರು ಗಂಟೆಗೆ.

ತೊಡಕು ಏನೆಂದರೆ, ಸಂಜೆಯ ದೀಪಾಲಂಕಾರದ ಹೊತ್ತು ಬಿಟ್ಟರೆ, ಒಳಗೆ ಬಿಡುವುದು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ. ಎಳೆಬಿಸಿಲು ಆ ಹೊತ್ತಿಗೆ ಮುಗಿದಿರುತ್ತದೆ. ಹಾಗಾಗಿ ಬೆಳಗಿನ ಚಿತ್ರವನ್ನು ಹೊರಗಿನಿಂದಲೇ ತೆಗೆಯಬೇಕು. ಪೂರ್ವದ ಜಯಮಾರ್ತಾಂಡ ದ್ವಾರದ ಎದುರು, ರಸ್ತೆ ದಾಟಿ ದೊಡ್ಡಕೆರೆ ಮೈದಾನದ ಕಡೆ ನಿಂತುಕೊಳ್ಳಿ. ದ್ವಾರದ ದೊಡ್ಡ ಕಮಾನಿನೊಳಗೆ ಅರಮನೆಯ ನಡುಭಾಗ ಕೂರುತ್ತದೆ. ಇಲ್ಲಿ ಹತ್ತಿರ ಹೋದಷ್ಟೂ ಕೆಡುತ್ತದೆ. ಕಮಾನಿನ ಬುಡಕ್ಕೆ ಹೋಗಿ ಅಗಲದ ಲೆನ್ಸ್ ಹಾಕಿದರೆ ಕಮಾನು ರಾಕ್ಷಸಾಕಾರವಾಗಿ, ಅರಮನೆ ಆಟಿಕೆಯಷ್ಟಾಗುತ್ತದೆ. ಹಿಂದೆ ಹಿಂದೆ ಸರಿದು, ನೂರು ಅಥವಾ ಇನ್ನೂರು ಮಿಲಿಮೀಟರ್ ಲೆನ್ಸಿನಲ್ಲಿ ನೋಡಿದರೆ ಹಿಂದಿನ ಗೋಪುರ ಮುಂದಕ್ಕೆ ಬಂದಂತಾಗಿ ಕಮಾನನ್ನು ತುಂಬಿಕೊಳ್ಳುತ್ತದೆ. ಮೊಬೈಲಿನವರು ಮೂರು ಪಟ್ಟು ಅಥವಾ ಐದು ಪಟ್ಟು ಜೂಮ್ ಇರುವ ಲೆನ್ಸನ್ನೇ ಬಳಸಬೇಕು. ಏಳು ಗಂಟೆಯೊಳಗೆ ಹೋದರೆ ವಾಹನಗಳ ಕಾಟವೂ ಕಡಿಮೆ. ನಡಿಗೆಗೆ ಬಂದವರು, ಸೈಕಲ್ಲಿನಲ್ಲಿ ಹಾಲು, ಪೇಪರ್ ಹಂಚುವವರು ಅಡ್ಡ ಬಂದರೆ ಬೇಡವೆನ್ನಬೇಡಿ. ಕಮಾನಿನ ಅಳತೆ ಗೊತ್ತಾಗಬೇಕಾದರೆ ಅದರ ಕೆಳಗೆ ಒಬ್ಬ ಮನುಷ್ಯ ಇರಬೇಕು.

ಟಿಕೆಟ್ ಪಡೆದು ಒಳಗೆ ಹೋಗುವುದು ದಕ್ಷಿಣದ ವರಾಹ ದ್ವಾರದಿಂದ. ಹೋದವರೆಲ್ಲ ಅರಮನೆಯ ನೇರ ಎದುರಿಗೆ ಓಡುತ್ತಾರೆ. ಓಡಲಿ, ಆ ಚಿತ್ರವನ್ನು ನೀವೂ ಒಮ್ಮೆ ತೆಗೆದುಬಿಡಿ, ಮನಸ್ಸು ಹಗುರಾಗುತ್ತದೆ. ಆಮೇಲೆ ದಕ್ಷಿಣದ ಕಡೆಗೆ ಬಂದು ಶ್ವೇತವರಾಹಸ್ವಾಮಿ ದೇವಸ್ಥಾನದ ಗೋಪುರವನ್ನು ಮುಂದಿಟ್ಟುಕೊಂಡು ನೋಡಿ. ಒಂದೇ ಚೌಕಟ್ಟಿನಲ್ಲಿ ದ್ರಾವಿಡ ಗೋಪುರವೂ ಬರುತ್ತದೆ, ಭಾರತೀಯ, ಇಸ್ಲಾಮಿ, ಯುರೋಪಿನ ಶೈಲಿಗಳು ಬೆರೆತ ಇಂಡೋ-ಸಾರ್ಸೆನಿಕ್ ಗುಮ್ಮಟಗಳೂ ಬರುತ್ತವೆ. ನೇರ ಎದುರಿನ ಚಿತ್ರ ಯಾವ ಕ್ಯಾಲೆಂಡರಿನಲ್ಲಾದರೂ ಸಿಗುತ್ತದೆ. ಈ ಓರೆ ನೋಟದಲ್ಲಿ ಮಾತ್ರ ಇದು ಕೋಟೆಯೊಳಗಿನ ಒಂದು ಊರು ಎಂಬುದು ಕಾಣುತ್ತದೆ.

ಕಟ್ಟಡದ ಒಳಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾಮೆರಾ ನಿಯಮ ಕಾಲಕಾಲಕ್ಕೆ ಬದಲಾಗಿದೆ. ಬಾಗಿಲಲ್ಲಿರುವ ಫಲಕ ಓದಿ ನಡೆದುಕೊಳ್ಳಿ. ಅವಕಾಶ ಇದ್ದರೆ ಕಲ್ಯಾಣ ಮಂಟಪಕ್ಕೆ ನಡುಹಗಲಿನಲ್ಲಿ ಹೋಗಿ. ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿ ಮೇಲಿನ ಬೆಳಕಿಲ್ಲದೆ ಮಂಕು. ಹನ್ನೆರಡು ಗಂಟೆಯ ಸುಡುಬಿಸಿಲು ಹೊರಗೆ ಎಷ್ಟು ನಿರುಪಯೋಗಿಯೋ ಇಲ್ಲಿ ಅಷ್ಟು ಉಪಕಾರಿ.

ಇನ್ನು ಎಲ್ಲರೂ ಕಾಯುವ ದೀಪಾಲಂಕಾರ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ ಸಂಜೆ ಏಳಕ್ಕೆ, ಒಂದು ಲಕ್ಷಕ್ಕೆ ಹತ್ತಿರ ಇರುವ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಒಂದು ಗಂಟೆಯೊಳಗೆ ಆಟ ಮುಗಿಯುತ್ತದೆ. ಹೊರಡುವ ಮೊದಲು ಆ ದಿನದ ಸಮಯವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ದೇಶದ ಎಲ್ಲ ಮೂಲೆಗಳಿಂದ ಫೋಟೋಗ್ರಾಫರ್‌ಗಳು ಇದಕ್ಕಾಗಿ ಬರುವುದು ದಸರೆಗೆ, ಅಂದರೆ ಅಕ್ಟೋಬರಿನ ಆಸುಪಾಸಿಗೆ. ನನ್ನ ಮಟ್ಟಿಗೆ ದೀಪದ ಚಿತ್ರಕ್ಕೆ ಅದಕ್ಕಿಂತ ಕೆಟ್ಟ ಕಾಲ ಇಲ್ಲ.

ಕಾರಣ ಲೆಕ್ಕದ್ದು. ಸೂರ್ಯ ಮುಳುಗಿದ ಮೇಲೆ ಕಾಲು ಗಂಟೆಯಿಂದ ಅರ್ಧ ಗಂಟೆಯವರೆಗೆ ಆಕಾಶ ದಟ್ಟ ನೀಲಿಯಾಗಿರುತ್ತದೆ. ಆ ನೀಲಿಯ ಮುಂದೆ ಹಳದಿ ದೀಪಗಳು ಉರಿದರೆ ಗುಮ್ಮಟಗಳ ಅಂಚು ಬಿಡಿಬಿಡಿಯಾಗಿ ಕಾಣುತ್ತದೆ, ದೀಪಗಳ ನಡುವಿನ ಕಲ್ಲೂ ಕಾಣುತ್ತದೆ. ಕತ್ತಲಾದ ಮೇಲೆ ಕಟ್ಟಡ ಮಾಯವಾಗಿ ಬರಿಯ ಚುಕ್ಕಿಗಳ ರಂಗೋಲಿ ಉಳಿಯುತ್ತದೆ. ಮೈಸೂರಿನಲ್ಲಿ ಅಕ್ಟೋಬರ್ ನಡುವಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ಕಳೆದು ನಾಲ್ಕೈದು ನಿಮಿಷಕ್ಕೆ. ನವೆಂಬರಿನಲ್ಲಿ ಆರಕ್ಕೂ ಮೊದಲೇ. ಏಳಕ್ಕೆ ದೀಪ ಬರುವಾಗ ಆಕಾಶ ಕಡುಗಪ್ಪು. ಜೂನ್, ಜುಲೈ ತಿಂಗಳಲ್ಲಿ ಸೂರ್ಯ ಮುಳುಗುವುದೇ ಆರು ಐವತ್ತರ ಸುಮಾರಿಗೆ. ಆಗ ಏಳು ಹತ್ತರಿಂದ ಏಳು ಇಪ್ಪತ್ತರವರೆಗೆ ನೀಲಿ ನಿಮ್ಮದೇ. ಮಾರ್ಚ್, ಏಪ್ರಿಲಿನಲ್ಲಿ ಆರು ಮೂವತ್ತೈದರ ಸುಮಾರಿಗೆ ಮುಳುಗುತ್ತದೆ, ಹಾಗಾಗಿ ದೀಪ ಬಂದ ಮೊದಲ ಐದಾರು ನಿಮಿಷದಲ್ಲೇ ಕೆಲಸ ಮುಗಿಸಬೇಕು.

ಇವೆಲ್ಲದರಲ್ಲಿ ಒಂದೇ ಹೊತ್ತನ್ನು ಆರಿಸಿ ಎಂದರೆ ನಾನು ಮೇ ತಿಂಗಳ ಕೊನೆಯ ಭಾನುವಾರಗಳನ್ನು ಆರಿಸುತ್ತೇನೆ. ಕೃತ್ತಿಕೆ, ರೋಹಿಣಿ ಮಳೆಗಳ ಕಾಲ ಅದು. ಮಧ್ಯಾಹ್ನವೆಲ್ಲ ಕುದಿದು ನಾಲ್ಕಕ್ಕೋ ಐದಕ್ಕೋ ಗುಡುಗಿ ಸುರಿದುಬಿಡುತ್ತದೆ. ಆರೂವರೆಗೆ ಮಳೆ ನಿಂತಿತೆಂದರೆ ಧೂಳು ತೊಳೆದ ಆಕಾಶ, ಚೂರುಚೂರು ಮೋಡ, ಅಂಗಳದ ತುಂಬ ನೀರು. ಸೂರ್ಯ ಮುಳುಗಿ ಕಾಲು ಗಂಟೆಯಾದ ಮೇಲೆ ಸರಿಯಾಗಿ ದೀಪ ಬರುತ್ತದೆ. ಮಳೆ ಬಂತೆಂದು ಜನ ಚದುರಿರುತ್ತಾರೆ, ಅದು ಇನ್ನೊಂದು ಲಾಭ.

ನೀರು ಎಂದೆನಲ್ಲ, ಅದಕ್ಕೆ ಕೆರೆಯಷ್ಟು ನೀರು ಬೇಕಿಲ್ಲ. ಊಟದ ತಟ್ಟೆಯಷ್ಟು ಅಗಲದ ಗುಂಡಿ ಸಾಕು. ಮೊಬೈಲನ್ನು ತಲೆಕೆಳಗು ಮಾಡಿ, ಕ್ಯಾಮೆರಾ ಕಣ್ಣು ನೀರಿಗೆ ಬೆರಳಗಲದಷ್ಟು ಹತ್ತಿರ ಇರುವಂತೆ ಹಿಡಿಯಬೇಕು. ಸೊಂಟದ ಎತ್ತರದಿಂದ ನೋಡಿದಾಗ ಕೆಸರು ಗುಂಡಿಯಾಗಿದ್ದದ್ದು ನೆಲಮಟ್ಟದಿಂದ ನೋಡಿದಾಗ ಚೌಕಟ್ಟಿನ ಅರ್ಧ ತುಂಬಿ, ಅದರಲ್ಲಿ ಗೋಪುರ ಪೂರ್ತಿಯಾಗಿ ತಲೆಕೆಳಗಾಗಿ ಮೂಡುತ್ತದೆ. ಗಾಳಿ ಬೀಸಿದರೆ ನೀರು ನಡುಗಿ ದೀಪಗಳು ಎಳೆಎಳೆಯಾಗುತ್ತವೆ. ನನಗೆ ಅದೂ ಇಷ್ಟ. ಮಂಡಿ ಒದ್ದೆಯಾಗುತ್ತದೆ, ಪಕ್ಕದಲ್ಲಿ ನಿಂತ ಮಕ್ಕಳು ನಗುತ್ತಾರೆ. ಮಕ್ಕಳೇ ನೀರಿಗೆ ಕಾಲಿಡುವ ಮೊದಲು ಒಂದೆರಡು ತೆಗೆದುಬಿಡಬೇಕು.

ದೀಪ ಹೊತ್ತುವ ಕ್ಷಣದಲ್ಲಿ ಜನಸಾಗರದಿಂದ ಒಂದು ಹೋ ಎಂಬ ಉದ್ಗಾರ ಬರುತ್ತದೆ, ಅದೇ ಹೊತ್ತಿಗೆ ಎಲ್ಲರ ಚಿತ್ರವೂ ಬಿಳಿಚಿಕೊಳ್ಳುತ್ತದೆ. ಮುಸ್ಸಂಜೆಯ ಮಂದ ಬೆಳಕಿಗೆ ಹೊಂದಿಕೊಂಡಿದ್ದ ಕ್ಯಾಮೆರಾಕ್ಕೆ ಆ ಬೆಳಕನ್ನು ತಾಳುವುದು ಆಗುವುದಿಲ್ಲ. ಮೊಬೈಲಿನಲ್ಲಾದರೆ ಅತಿ ಹೆಚ್ಚು ಹೊಳೆಯುವ ಗುಮ್ಮಟದ ಮೇಲೆ ಬೆರಳಿಟ್ಟು ಒತ್ತಿ ಹಿಡಿದು, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಒಂದೊಂದು ಬಲ್ಬೂ ಬೇರೆ ಬೇರೆಯಾಗಿ ಕಾಣುವವರೆಗೆ ಎಳೆಯಿರಿ. ಕ್ಯಾಮೆರಾದವರು ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ಅಳತೆಯನ್ನು, ಆಟೋದಲ್ಲಿ ಬಿಡದೆ ಮೂರು ಸಾವಿರ ಕೆಲ್ವಿನ್ ಸುತ್ತ ಇಟ್ಟರೆ ದೀಪ ಕಿತ್ತಳೆಯಾಗದೆ ಹೊನ್ನಾಗಿ, ಆಕಾಶ ಇನ್ನಷ್ಟು ನೀಲಿಯಾಗಿ ಬರುತ್ತದೆ. ವಿಡಿಯೋ ಮಾಡುವವರಿಗೆ ಒಂದು ಮಾತು: ನಮ್ಮ ವಿದ್ಯುತ್ತು ಐವತ್ತು ಹರ್ಟ್ಸಿನದು, ದೀಪಗಳೂ ಅದೇ ಲಯದಲ್ಲಿ ಮಿನುಗುತ್ತವೆ, ಆದ್ದರಿಂದ ಶಟರ್ ವೇಗ ಸೆಕೆಂಡಿನ ಐವತ್ತನೇ ಅಥವಾ ನೂರನೇ ಒಂದು ಭಾಗದಲ್ಲಿರಲಿ. ಇಲ್ಲದಿದ್ದರೆ ಅರಮನೆ ಮಿಣಮಿಣ ಎನ್ನುತ್ತದೆ.

ಇನ್ನೊಂದು ವಿಷಯ, ಸೊಟ್ಟ. ಹಗಲಿನ ಚಿತ್ರದಲ್ಲಿ ಕ್ಯಾಮೆರಾ ತುಸು ವಾಲಿದ್ದರೆ ಯಾರಿಗೂ ತಿಳಿಯುವುದಿಲ್ಲ. ದೀಪದ ಸಾಲುಗಳು ಮಾತ್ರ ಗೆರೆ ಎಳೆದು ತೋರಿಸಿಬಿಡುತ್ತವೆ. ಪರದೆಯ ಮೇಲೆ ಚೌಕಳಿ ಗೆರೆಗಳನ್ನು ಹಾಕಿಕೊಳ್ಳಿ. ಗೋಪುರದ ತುದಿ ಸಿಗಲಿಲ್ಲವೆಂದು ಕ್ಯಾಮೆರಾವನ್ನು ಮೇಲಕ್ಕೆತ್ತಬೇಡಿ, ಕಟ್ಟಡ ಹಿಂದಕ್ಕೆ ಬಿದ್ದಂತಾಗುತ್ತದೆ. ಹತ್ತು ಹೆಜ್ಜೆ ಹಿಂದೆ ಹೋಗಿ.

ಟ್ರೈಪಾಡಿನ ಆಸೆ ಬಿಟ್ಟುಬಿಡಿ. ಚೀಲದಿಂದ ಅದರ ಕಾಲು ಇಣುಕಿದ್ದನ್ನು ಕಂಡ ಕಾವಲುಗಾರರೊಬ್ಬರು ನನಗೆ ಬಹಳ ಮರ್ಯಾದೆಯಿಂದಲೇ, "ಕ್ಯಾಮೆರಾ ಬರಲಿ ಸಾರ್, ಮೂರು ಕಾಲಿನದು ಇಲ್ಲೇ ಇರಲಿ" ಎಂದಿದ್ದರು. ಒಪ್ಪತಕ್ಕ ಮಾತೇ, ಅಷ್ಟು ಜನದ ನಡುವೆ ಅದು ಎಡವುವ ವಸ್ತು. ಚೀಲವನ್ನು ಕಟ್ಟೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿದರೆ ಒಂದು ಸೆಕೆಂಡಿನಷ್ಟು ದೀರ್ಘ ಚಿತ್ರವನ್ನೂ ಅಲುಗದೆ ತೆಗೆಯಬಹುದು. ಡ್ರೋನ್ ಅಂತೂ ಪೊಲೀಸರ ಅನುಮತಿಯಿಲ್ಲದೆ ಚೀಲದಿಂದ ಹೊರಗೆ ತೆಗೆಯುವಂತಿಲ್ಲ. ಮದುವೆ ಜೋಡಿಗಳನ್ನು ಕರೆತರುವವರೂ ಮೊದಲು ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಉತ್ತರದ ಬದಿಯ ಸ್ವಭಾವವೇ ಬೇರೆ. ಅದು ಪೇಟೆಯ ಕಡೆ. ಬಲರಾಮ ದ್ವಾರ, ಕೋಟೆ ಆಂಜನೇಯಸ್ವಾಮಿ ದೇವಸ್ಥಾನ, ಅದರ ಮುಂದೆ ಚಾಮರಾಜ ವೃತ್ತ, ಅಲ್ಲೇ ಆಚೆ 1927ರ ದೊಡ್ಡ ಗಡಿಯಾರ. ಈ ಗಡಿಯಾರದ ಮುಖದ ಮೇಲಿನ ಅಂಕಿಗಳು ಕನ್ನಡದವು, ಉದ್ದ ಲೆನ್ಸ್ ಇದ್ದವರು ಅದನ್ನು ಬಿಡಬಾರದು. ಇಲ್ಲಿನ ಪಾರಿವಾಳಗಳ ಚಿತ್ರ ಒಂದು ಕಾಲಕ್ಕೆ ಎಲ್ಲರ ಮೊಬೈಲಿನಲ್ಲೂ ಇತ್ತು. ಹಿಕ್ಕೆಯಿಂದ ಪಾರಂಪರಿಕ ಕಟ್ಟಡಗಳಿಗೆ ಹಾನಿ ಎಂದು ಕಾಳು ಹಾಕುವುದಕ್ಕೆ ಆಕ್ಷೇಪ ಬಂದಿದೆ. ಚಿತ್ರಕ್ಕಾಗಿ ಹಕ್ಕಿಗಳನ್ನು ಎಬ್ಬಿಸುವ ಆಟ ನನಗೆ ಮೊದಲಿನಿಂದಲೂ ಸೇರದು.

ನಾನು ಈ ಬದಿಯಲ್ಲಿ ಕಾಯುವುದು ಆನೆಗಳಿಗೆ. ದಸರೆಯ ಚಿತ್ರಕ್ಕಾಗಿ ದಸರೆಯ ದಿನವೇ ಬರಬೇಕಾಗಿಲ್ಲ. ಅದಕ್ಕೆ ವಾರಗಟ್ಟಲೆ ಮೊದಲೇ ಗಜಪಡೆ ಅರಮನೆ ಅಂಗಳಕ್ಕೆ ಬಂದು ಬೀಡು ಬಿಟ್ಟು, ಬನ್ನಿಮಂಟಪದವರೆಗೆ ತಾಲೀಮು ನಡೆಸುತ್ತದೆ. ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋ. ಅದನ್ನು ಹೊರಲು ಮೈ ಒಗ್ಗಲೆಂದು ಬೆನ್ನಿಗೆ ಮರಳಿನ ಮೂಟೆಗಳನ್ನು ಏರಿಸುತ್ತಾರೆ. ಜಂಬೂಸವಾರಿಯ ದಿನ ನೂಕುನುಗ್ಗಲಿನಲ್ಲಿ ಆನೆಯ ಕಿವಿಯೂ ಸರಿಯಾಗಿ ಕಾಣುವುದಿಲ್ಲ. ತಾಲೀಮಿನ ಬೆಳಿಗ್ಗೆ ವೃತ್ತದ ಪಕ್ಕದ ಪಾದಚಾರಿ ಮಾರ್ಗದಲ್ಲಿ ನಿಂತರೆ ಆನೆಗಳ ಸಾಲು, ಹಿಂದೆ ಕಮಾನು, ಪಕ್ಕದಿಂದ ಬೀಳುವ ಬಿಸಿಲಿನಲ್ಲಿ ಚರ್ಮದ ಒಂದೊಂದು ಸುಕ್ಕೂ ಸಿಗುತ್ತದೆ. ಬಣ್ಣ ಬಳಿಯದ, ಒಡವೆ ಹಾಕದ ಆನೆಯೇ ನನಗೆ ಚೆಂದ. ಫ್ಲ್ಯಾಶ್ ಬೇಡ, ಸಾಲಿನ ನಡುವೆ ನುಗ್ಗುವುದು ಬೇಡ, ಮಾವುತರು "ಸರಿಯಿರಿ" ಎಂದರೆ ಒಡನೆ ಸರಿಯಬೇಕು.

ಕೆ.ಆರ್. ವೃತ್ತದ ಸುತ್ತ ಎತ್ತರದ ಮಹಡಿಗಳಿವೆ. ಅಲ್ಲಿಂದ ನೋಡಿದರೆ ಅರಮನೆಯ ಗುಮ್ಮಟಗಳ ಹಿಂದೆಯೇ ಚಾಮುಂಡಿ ಬೆಟ್ಟ ನಿಲ್ಲುತ್ತದೆ. ಅರಮನೆ ಮತ್ತು ಬೆಟ್ಟ ಒಟ್ಟಿಗೆ ಬೇಕೆನ್ನುವವರಿಗೆ ವಾಯವ್ಯದ ಈ ಕೋನವೇ ಗತಿ. ತಾರಸಿ ಯಾರದೋ ಆಗಿರುತ್ತದೆ, ಹೋಗಿ ಕೇಳಬೇಕು. ಕೆಳಗಿನ ಅಂಗಡಿಯಲ್ಲಿ ಏನಾದರೂ ಕೊಂಡು, ಕಾರಣ ಹೇಳಿ ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ತೆಗೆದ ಚಿತ್ರದ ಒಂದು ಪ್ರತಿಯನ್ನು ಕೊಟ್ಟುಬಂದರೆ ಮುಂದಿನ ಸಲ ಅವರೇ ಬಾಗಿಲು ತೆಗೆಯುತ್ತಾರೆ.

ಕೊನೆಯದಾಗಿ ಬೆಟ್ಟ. ಚಾಮುಂಡಿ ಬೆಟ್ಟದ ರಸ್ತೆಯ ವೀಕ್ಷಣಾ ಸ್ಥಳದಿಂದ ಊರು ಪೂರ್ತಿ ಕಾಣುತ್ತದೆ: ರೇಸ್ ಕೋರ್ಸಿನ ಹಸಿರು, ಲಲಿತಮಹಲಿನ ಬಿಳುಪು, ದೂರದಲ್ಲಿ ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರ. ಅರಮನೆ ಅಲ್ಲಿಂದ ಮೂರು ನಾಲ್ಕು ಕಿಲೋಮೀಟರ್. ಇನ್ನೂರು ಮಿಲಿಮೀಟರ್ ಲೆನ್ಸ್ ಹಾಕಿದರೂ ಮುಖ್ಯ ಕಟ್ಟಡ ಚೌಕಟ್ಟಿನ ಹತ್ತನೇ ಒಂದು ಭಾಗದಷ್ಟೇ ಅಗಲ ಬರುತ್ತದೆ. ಹಗಲಿನಲ್ಲಿ ಅದನ್ನು ಹುಡುಕಬೇಕು. ಭಾನುವಾರ ಏಳು ಗಂಟೆಗೆ ಮಾತ್ರ ಕಟ್ಟಡದ ಜೊತೆಗೆ ದ್ವಾರಗಳೂ ಗುಡಿಗಳೂ ಹೊತ್ತಿಕೊಂಡು, ಇಡೀ ಕೋಟೆಯ ಚೌಕ ಊರಿನ ನಡುವೆ ಎದ್ದು ಕಾಣುತ್ತದೆ. ನೆಲದ ಮೇಲೆ ನಿಂತವನಿಗೆ ಆ ಚೌಕದ ಆಕಾರ ಎಂದೂ ಸಿಗುವುದಿಲ್ಲ. ಮಳೆ ಬಿದ್ದ ಮರುದಿನದ ಗಾಳಿ ಇದಕ್ಕೆ ಒಳ್ಳೆಯದು. ಬೇಸಿಗೆಯ ಮಬ್ಬಿನಲ್ಲಿ ದೀಪಗಳು ಕಲಸಿಹೋಗುತ್ತವೆ. ಕ್ಯಾಮೆರಾವನ್ನು ತಡೆಗೋಡೆಯ ಮೇಲೆ ಊರಿ, ವಾಹನ ಹಾದುಹೋಗುವಾಗ ತಡೆದು, ನೆಲ ನಡುಗುವುದು ನಿಂತ ಮೇಲೆ ಗುಂಡಿ ಒತ್ತಿ. ಬೆಟ್ಟದಲ್ಲಿ ಚಿರತೆಗಳ ಓಡಾಟವಿದೆ, ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಆದ್ದರಿಂದ ದೀಪ ಆರಿದೊಡನೆ ಸಾಮಾನು ಕಟ್ಟಿಕೊಂಡು ರಸ್ತೆಯಲ್ಲೇ ಇಳಿಯಿರಿ, ಮೆಟ್ಟಿಲಿನ ದಾರಿ ಹಿಡಿಯಬೇಡಿ.