ಎಷ್ಟು ಬಂದೂಕುಗಳಿವೆ, ಎಲ್ಲಿವೆ

ಕ್ಯಾಲಿಫೋರ್ನಿಯಾದ ಒಂದು ಕೌಂಟಿ ನ್ಯಾಯಾಲಯದಲ್ಲಿ, ಗಂಡನಿಂದಲೋ ಸಂಗಾತಿಯಿಂದಲೋ ಹಿಂಸೆಗೊಳಗಾದವರಿಗೆ ರಕ್ಷಣಾ ಆದೇಶದ ಅರ್ಜಿ ತುಂಬಲು ನೆರವಾಗುವುದು ನನ್ನ ಕೆಲಸ. ಆರಂಭದ ವರ್ಷಗಳಲ್ಲಿ ಡಿವಿ-100 ನಮೂನೆಯ ಬಂದೂಕಿನ ಪ್ರಶ್ನೆ ಬಂದಾಗ "ಅವರ ಬಳಿ ಬಂದೂಕಿದೆಯೇ?" ಎಂದಷ್ಟೇ ಕೇಳಿ, ಹೌದೆಂದರೆ ಗುರುತು ಹಾಕಿ ಪುಟ ತಿರುಗಿಸುತ್ತಿದ್ದೆ.

ಅದು ಎಂಥ ತಪ್ಪೆಂದು ಒಬ್ಬ ಮಹಿಳೆಯ ಪ್ರಕರಣದಲ್ಲಿ ತಿಳಿಯಿತು. ಇಂಥ ಆದೇಶ ಬಂದವರು ತಮ್ಮ ಬಂದೂಕುಗಳನ್ನು ಒಪ್ಪಿಸಬೇಕು. ಅದರಂತೆ ಆದೇಶ ಕೈಸೇರಿದ ಮರುದಿನವೇ ಗಂಡ ತನ್ನ ಪಿಸ್ತೂಲನ್ನು ಪರವಾನಗಿ ಪಡೆದ ವ್ಯಾಪಾರಿಗೆ ಒಪ್ಪಿಸಿ, ರಸೀದಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಿದ್ದ. ಎಲ್ಲರೂ ಸಮಾಧಾನಪಟ್ಟೆವು. ವಾರ ಕಳೆದ ಮೇಲೆ ಆಕೆ ನಡುಗುವ ದನಿಯಲ್ಲಿ ಫೋನ್ ಮಾಡಿದರು. ತನ್ನ ತಂದೆಯಿಂದ ಬಂದಿದ್ದ ಹಳೆಯ ರೈಫಲಿನ ಚಿತ್ರವನ್ನು ಆತ ಆಕೆಗೆ ಕಳುಹಿಸಿದ್ದ. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. "ನೀವು ಬಂದೂಕಿದೆಯೇ ಎಂದಿರಿ, ಇದೆ ಎಂದೆ. ಎಷ್ಟಿವೆ ಎಂದು ಕೇಳಲಿಲ್ಲ" ಎಂದರು. ಪೊಲೀಸರು ಅದೇ ರಾತ್ರಿ ರೈಫಲನ್ನು ವಶಪಡಿಸಿಕೊಂಡರು. ಆಕೆ ಉಳಿದದ್ದರಲ್ಲಿ ನನ್ನ ಪಾಲು ಏನೂ ಇರಲಿಲ್ಲ.

ವಿಚಾರಣೆಗೆ ಮುನ್ನ ಸರ್ಕಾರಿ ದಾಖಲೆಗಳನ್ನು ಹುಡುಕುತ್ತಾರೆ, ನಿಜ. ಆದರೆ ರೈಫಲ್, ಶಾಟ್‌ಗನ್‌ಗಳ ಮಾರಾಟದ ವಿವರವನ್ನು ಈ ರಾಜ್ಯ ಉಳಿಸಿಕೊಳ್ಳತೊಡಗಿದ್ದು 2014ರಿಂದ; ಅದಕ್ಕೂ ಹಳೆಯದು, ಬಿಡಿಭಾಗಗಳಿಂದ ಮನೆಯಲ್ಲೇ ಜೋಡಿಸಿದ್ದು ಆ ಹುಡುಕಾಟಕ್ಕೆ ಸಿಗದೇ ಹೋಗಬಹುದು. ಆ ಮನೆಯಲ್ಲಿ ಬಾಳಿದವಳಿಗೆ ಮಾತ್ರ ಅದು ಗೊತ್ತಿರುತ್ತದೆ. ಆದ್ದರಿಂದ ಈಗ ನಾನು ಮನೆಯ ಕೋಣೆ ಕೋಣೆಗೂ ಅವರೊಂದಿಗೆ ಮನಸ್ಸಿನಲ್ಲೇ ನಡೆಯುತ್ತೇನೆ: ಹಾಸಿಗೆಯ ಪಕ್ಕ, ಗ್ಯಾರೇಜು, ಕಾರು, ಅಣ್ಣತಮ್ಮಂದಿರ ಮನೆ. ಗುಂಡುಗಳ ಪೆಟ್ಟಿಗೆಯನ್ನೂ ಬಿಡುವುದಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ಉದ್ದವೋ ಗಿಡ್ಡವೋ, ಯಾವ ಬಣ್ಣವೋ ಎಂದು ಕೇಳಿ ಹಾಗೆಯೇ ಬರೆಯುತ್ತೇನೆ. ಆದೇಶವನ್ನು ಜಾರಿ ಮಾಡುವ ಶೆರೀಫ್ ಅಧಿಕಾರಿ ಬಾಗಿಲಲ್ಲಿ ನಿಂತು ಬಂದೂಕು ಕೇಳಿದರೆ ಹಿಂಸಿಸಿದಾತ ಆ ಕ್ಷಣವೇ ಕೊಡಬೇಕು. ಏನನ್ನು ಕೇಳಬೇಕೆಂದು ಅಧಿಕಾರಿಗೆ ತಿಳಿದಿರುವುದು ಈ ಬರಹದಿಂದಲೇ.

ಕನ್ನಡದವರೇ ಒಬ್ಬರು "ಅಕ್ಕಾ, ಇದನ್ನೆಲ್ಲ ಬರೆದರೆ ಅವರ ಕೆಲಸ ಹೋಗುವುದಿಲ್ಲವೇ?" ಎಂದು ಕೇಳಿದ್ದರು. ಆಕೆಯ ಗಂಡ ಬಂದೂಕು ಹಿಡಿಯುವ ಕಾವಲು ಕೆಲಸದಲ್ಲಿದ್ದ. ಹೋಗಬಹುದೆಂದು ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ಆಮೇಲೆ ಗೃಹಹಿಂಸೆಯ ಸಂಶೋಧಕಿ ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ ರೂಪಿಸಿದ 20 ಪ್ರಶ್ನೆಗಳ ಅಪಾಯ ಪಟ್ಟಿಯನ್ನು ಇಬ್ಬರೂ ಕೂಡಿ ತುಂಬಿದೆವು. ಹಿಂಸಿಸುವವನ ಕೈಗೆ ಬಂದೂಕು ಸಿಗುವಂತಿದ್ದರೆ ಹೆಂಗಸು ಕೊಲೆಯಾಗುವ ಸಂಭವ ಸುಮಾರು ಐದು ಪಟ್ಟು ಹೆಚ್ಚೆಂದು ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿಕೊಟ್ಟಿದ್ದಾರೆ. ಕತ್ತು ಹಿಸುಕಿದ್ದಾನೆಯೇ ಎಂಬ ಪ್ರಶ್ನೆಗೆ ಆಕೆ ಬಹಳ ಹೊತ್ತು ಸುಮ್ಮನಿದ್ದು, ಪೆನ್ನನ್ನು ತಾವೇ ತೆಗೆದುಕೊಂಡು ಹೌದೆಂದು ಗುರುತು ಹಾಕಿದರು.

ರಕ್ಷಣಾ ಆದೇಶಕ್ಕೆ ಒಳಪಟ್ಟವರು ಬಂದೂಕು ಇಟ್ಟುಕೊಳ್ಳಬಾರದೆಂಬ ಒಕ್ಕೂಟದ ಕಾನೂನು 1994ರದು. ಅದನ್ನು ಅಮೆರಿಕದ ಸುಪ್ರೀಂ ಕೋರ್ಟ್ ರಹೀಮಿ ಪ್ರಕರಣದಲ್ಲಿ, 2024ರ ಜೂನ್‌ನಲ್ಲಿ, 8–1ರ ಬಹುಮತದಿಂದ ಎತ್ತಿಹಿಡಿದ ದಿನ ನಮ್ಮ ಕಚೇರಿಯಲ್ಲಿ ಕೆಲವರ ಕಣ್ಣು ಒದ್ದೆಯಾಗಿತ್ತು. ಆದರೆ ಆ ಕಾನೂನು ಇರುವ ಬಂದೂಕನ್ನು ಯಾರು, ಯಾವಾಗ ತೆಗೆದುಕೊಳ್ಳಬೇಕೆಂದು ಹೇಳುವುದಿಲ್ಲ. ಎದುರು ಪಕ್ಷಕ್ಕೆ ಮಾತಾಡುವ ಅವಕಾಶ ಸಿಗುವ ಮುನ್ನ ಹೊರಟ ತಾತ್ಕಾಲಿಕ ಆದೇಶಕ್ಕೆ ಅನ್ವಯಿಸುವುದೂ ಇಲ್ಲ. ನಮ್ಮ ರಾಜ್ಯದ ಕಾನೂನು ಈ ಎರಡೂ ಕೊರತೆಗಳನ್ನು ತುಂಬುತ್ತದೆ: ತಾತ್ಕಾಲಿಕ ಆದೇಶ ಕೈಸೇರಿದ 24 ಗಂಟೆಗಳೊಳಗೆ ಒಪ್ಪಿಸಬೇಕು, 48 ಗಂಟೆಗಳೊಳಗೆ ರಸೀದಿ ಸಲ್ಲಿಸಬೇಕು.

ಆ 48ನೆಯ ಗಂಟೆಯನ್ನು ನಾನು ಪ್ರತಿ ಪ್ರಕರಣಕ್ಕೂ ದಿನಚರಿಯಲ್ಲಿ ಬರೆದಿಟ್ಟು, ಆ ಹೊತ್ತಿಗೆ ಗುಮಾಸ್ತರ ಕಿಟಕಿಯ ಬಳಿ ಹೋಗಿ ಕೇಳುತ್ತೇನೆ. ರಸೀದಿ ಬಂದಿದ್ದರೆ ಅದರಲ್ಲಿರುವ ಆಯುಧಗಳನ್ನು ನಮ್ಮ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡುತ್ತೇನೆ. ಒಂದು ಕಡಿಮೆಯಿದ್ದರೂ ಆ ಮಹಿಳೆಗೆ ಮೊದಲು ಫೋನ್ ಮಾಡಿ, ಆಮೇಲೆ ಪೊಲೀಸರಿಗೆ ತಿಳಿಸುತ್ತೇನೆ.