ಯುವಿಯಲ್ ಮೆಲನೋಮಾ: ಗಡ್ಡೆಯ ಆಣ್ವಿಕ ವರದಿಯನ್ನು ಓದುವ ಕ್ರಮ

ಕಣ್ಣಿನ ಮಧ್ಯಪದರದಲ್ಲಿ ಹುಟ್ಟುವ ಈ ಅಪರೂಪದ ಕ್ಯಾನ್ಸರ್, ಕಣ್ಣಿನ ಗಡ್ಡೆಗೆ ಚಿಕಿತ್ಸೆ ಯಶಸ್ವಿಯಾದ ಮೇಲೂ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮುಂದೆ ಹರಡುತ್ತದೆ, ಹೆಚ್ಚಾಗಿ ಯಕೃತ್ತಿಗೆ. ಅಪಾಯವನ್ನು ಅಂದಾಜಿಸಲು ವಿಕಿರಣ ಚಿಕಿತ್ಸೆಗೆ ಮೊದಲೇ ಸೂಕ್ಷ್ಮ ಸೂಜಿಯಿಂದ ಮಾದರಿ ತೆಗೆಸುವುದು ಒಳ್ಳೆಯದು.

ವರದಿಯಲ್ಲಿ ಮೊದಲು ಗಡ್ಡೆಯ ಜೀವಕೋಶಗಳ 3ನೇ ವರ್ಣತಂತುವನ್ನು (ಕ್ರೋಮೋಸೋಮ್, ಸಹಜವಾಗಿ ಎರಡು ಪ್ರತಿಗಳಿರುತ್ತವೆ) ನೋಡಿ. ಅದರ ಒಂದು ಪ್ರತಿ ಇಲ್ಲವಾಗಿದ್ದು, 8ನೇ ವರ್ಣತಂತುವಿನ ಉದ್ದ ತೋಳಿನ (ವರದಿಯಲ್ಲಿ 8q) ಪ್ರತಿಗಳು ಹೆಚ್ಚಿದ್ದರೆ ಅಪಾಯ ದೊಡ್ಡದು. ಇಲ್ಲಿ ತುಂಬ ಎಚ್ಚರ ಬೇಕು: ಒಂದು ಪ್ರತಿ ಕಳೆದು ಉಳಿದದ್ದೇ ಇಮ್ಮಡಿಯಾಗಿರುವ ಗಡ್ಡೆಗಳಲ್ಲಿ, ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆಗೆ ಎರಡು ಪ್ರತಿಗಳು ಕಾಣುವುದರಿಂದ ಫಲಿತಾಂಶ ಸಹಜವೆಂದೇ ಬರುತ್ತದೆ, ಆದ್ದರಿಂದ ಯಾವ ವಿಧಾನ ಬಳಸಿದರೆಂದು ಕೇಳಲೇಬೇಕು, ಸಾಧ್ಯವಿದ್ದಲ್ಲಿ, ಎರಡೂ ಪ್ರತಿಗಳು ಒಂದೇ ಮೂಲದವೇ ಎಂಬುದನ್ನೂ ತೋರಿಸುವ ಎಸ್‌ಎನ್‌ಪಿ ಅರೇ ಪರೀಕ್ಷೆಯನ್ನೇ ಆರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ವಂಶವಾಹಿಗಳ ಪೈಕಿ ಬಿಎಪಿ1 ದೋಷವು ಬೇಗ ಹರಡುವ ಸಾಧ್ಯತೆಯನ್ನೂ, ಎಸ್‌ಎಫ್3ಬಿ1 ದೋಷವು ಹಲವು ವರ್ಷಗಳ ನಂತರ ಹರಡುವ ಸಾಧ್ಯತೆಯನ್ನೂ, ಇಐಎಫ್1ಎಎಕ್ಸ್ ದೋಷವು ಕಡಿಮೆ ಅಪಾಯವನ್ನೂ ಸೂಚಿಸುತ್ತವೆ. ಜಿಎನ್‌ಎಕ್ಯೂ ಅಥವಾ ಜಿಎನ್‌ಎ11 ದೋಷ ಬಹುತೇಕ ಎಲ್ಲರಲ್ಲೂ ಇರುವುದರಿಂದ ಅದು ಮುನ್ಸೂಚನೆಗೆ ನೆರವಾಗದು. 15 ವಂಶವಾಹಿಗಳ ಅಭಿವ್ಯಕ್ತಿ ಪರೀಕ್ಷೆ (ಅವು ಗಡ್ಡೆಯಲ್ಲಿ ಎಷ್ಟು ಸಕ್ರಿಯವೆಂದು ಅಳೆಯುವುದು) ಮಾಡಿಸಿದ್ದರೆ 1ಎ ಕಡಿಮೆ, 1ಬಿ ಮಧ್ಯಮ, 2 ಹೆಚ್ಚಿನ ಅಪಾಯದ ವರ್ಗ. ಪ್ರೇಮ್ (PRAME) ಎಂಬ ವಂಶವಾಹಿ ಸಕ್ರಿಯವಿದ್ದರೆ ಅಪಾಯ ಮತ್ತಷ್ಟು ಏರುತ್ತದೆ.

ಗಡ್ಡೆಯ ಗಾತ್ರವನ್ನು ಈ ಫಲಿತಾಂಶಗಳ ಜೊತೆಗಿಟ್ಟೇ ನೋಡಿ, ಯಕೃತ್ತಿನ ಸ್ಕ್ಯಾನ್ ಎಷ್ಟು ತಿಂಗಳಿಗೊಮ್ಮೆ ಬೇಕೆಂದು ವೈದ್ಯರೊಡನೆ ನಿರ್ಧರಿಸಿ. ಬಿಎಪಿ1 ದೋಷ ಕಂಡಲ್ಲಿ, ಅದು ಆನುವಂಶಿಕವೇ ಎಂದು ತಿಳಿಯಲು ರಕ್ತಪರೀಕ್ಷೆಯ ಕುರಿತೂ ಕೇಳಿ.